ನಕ್ಷತ್ರಮಂಡಲದ ಮೂವರು ಅಮಲ್ದಾರರು

ಬಾದಾಮಿ ತಾಲೂಕಿನ ಮುದ್ದನಗುಡ್ಡ ಗ್ರಾಮದಲ್ಲಿ ೧೯೮೫ನೇ ಇಸವಿಗೆ ಒಂದು ಟಿವಿ ಧಾರಾವಾಹಿ ಹತ್ತು ವರ್ಷ ಪೂರೈಸಿತು. ಈ ಹತ್ತು ವರ್ಷಗಳ ಪೈಕಿ ಒಂಬತ್ತು ವರ್ಷ ಟಿವಿಯಲ್ಲಿ ಏನೂ ಬಂದಿರಲಿಲ್ಲ. ಇದರಿಂದ ಧಾರಾವಾಹಿಗೆ ಯಾವ ತೊಂದರೆಯೂ ಆಗಲಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು.

ನಡೆದದ್ದು ಇಷ್ಟು. ೧೯೭೫ರಲ್ಲಿ ಸರಕಾರ ಪರದೇಶದವರ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಎರವಲು ತಂದು ಹಳ್ಳಿಗಳಿಗೆ ಟಿವಿ ತೋರಿಸಿತು. ಮುದ್ದನಗುಡ್ಡದ ಶಾಲೆಗೆ ಇದ್ದವು ಎರಡೇ ಖೋಲಿ. ಅವುಗಳಲ್ಲಿ ದೊಡ್ಡದನ್ನು ಟಿವಿಗೆ ಕೊಟ್ಟರು. ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ದೊಡ್ಡ ಛತ್ರಿಯೊಂದು ಏರಿತು. ವಾರಕ್ಕೊಂದು ಸಂಜೆ ‘ನಕ್ಷತ್ರಮಂಡಲದ ಅಮಲ್ದಾರ’ ಎಂಬ ವೈಜ್ಞಾನಿಕ ಕತೆ ಬರುತ್ತಿತ್ತು. ಅಮಲ್ದಾರನೊಬ್ಬ ಬೆಂಕಿ ಉಗುಳುವ ವಿಮಾನ ಹತ್ತಿ ಗ್ರಹದಿಂದ ಗ್ರಹಕ್ಕೆ ಹೋಗುವುದು, ಅಲ್ಲಿಯ ಹೊಲಗಳನ್ನು ಅಳೆಯುವುದು, ತಕರಾರು ಬಗೆಹರಿಸುವುದು. ಊರು ಬಾಯಿ ಬಿಟ್ಟುಕೊಂಡು ನೋಡಿತು. ವರ್ಷ ತುಂಬಿತು. ಉಪಗ್ರಹದ ಒಡೆಯರು ತಮ್ಮ ಸಾಮಾನನ್ನು ಬೇರೆ ಕಡೆ ಸರಿಸಿಕೊಂಡರು. ಪರದೆಯ ಮೇಲೆ ಬಿಳಿ ಚುಕ್ಕೆಗಳು ಗಂಜಿ ಕುದಿದಂತೆ ಕುದಿಯತೊಡಗಿದವು.

ಉಪಗ್ರಹ ಹೋಯಿತು, ಆದರೆ ಆದೇಶ ಹೋಗಲಿಲ್ಲ. ಬಾಗಲಕೋಟೆಯ ವೀಕ್ಷಣಾ ಶಾಖೆಗೆ ಪ್ರತಿ ಸೋಮವಾರ ‘ಈ ವಾರ ಏನು ನೋಡಲಾಯಿತು’ ಎಂಬ ವರದಿ ಮುಟ್ಟಬೇಕು, ಮುಂದಿನ ಆದೇಶದವರೆಗೆ. ಟಿವಿ ಖೋಲಿಯ ಗುಮಾಸ್ತ ರಾಚಪ್ಪ ಪ್ರಾಮಾಣಿಕ ಮನುಷ್ಯ. ‘ಏನೂ ಕಾಣಲಿಲ್ಲ’ ಎಂದು ಬರೆದು ಕಳಿಸಿದ. ಮರುಟಪಾಲಿಗೆ ಉತ್ತರ ಬಂತು: “ಏನೂ ಕಾಣಲಿಲ್ಲ ಎಂಬ ಸಂಚಿಕೆಯ ಕಥಾಸಾರಾಂಶವನ್ನು ತಾವು ಲಗತ್ತಿಸಿರುವುದಿಲ್ಲ. ಏಳು ದಿನಗಳೊಳಗೆ ಲಗತ್ತಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತಿನ ಕ್ರಮ ಜರುಗಿಸಲಾಗುವುದು.”

ರಾಚಪ್ಪ ಎರಡು ದಿನ ಊಟ ಬಿಟ್ಟ. ಮೂರನೇ ದಿನ ಶನಿಗ್ರಹದ ಬಳೆಯ ಮೇಲೆ ಅಣ್ಣತಮ್ಮಂದಿರ ಬದುವಿನ ಜಗಳ ಎದ್ದಿತೆಂದೂ, ಅಮಲ್ದಾರನು ಹಣೆಗೆ ವಿಭೂತಿ ಹಚ್ಚಿಕೊಂಡು, ಚೊಳಚಗುಡ್ಡದ ಬನಶಂಕರಿಗೆ ಕೈಮುಗಿದು ಹೊರಟು ಅದನ್ನು ತೀರಿಸಿದನೆಂದೂ ಬರೆದು ಹಾಕಿದ. “ಸಂಚಿಕೆ ಸಮಾಧಾನಕರವಾಗಿದೆ. ಮುಂದುವರಿಸುವುದು” ಎಂದು ಉತ್ತರ ಬಂತು. ಅಂದಿನಿಂದ ಧಾರಾವಾಹಿ ಒಂದು ವಾರವೂ ತಪ್ಪಲಿಲ್ಲ.

೧೯೭೮ರಲ್ಲಿ ರಾಚಪ್ಪನಿಗೆ ಇಳಕಲ್ಲಿಗೆ ವರ್ಗವಾಗಿ, ಅವನ ಜಾಗಕ್ಕೆ ಚಾಂದಸಾಬ ಬಂದ. ಹರೆಯದಲ್ಲಿ ಗರಡಿಮನೆಯ ಮಣ್ಣು ತಿಂದವನು. ಅವನ ಕೈಗೆ ಸಿಕ್ಕ ಅಮಲ್ದಾರ ಪೂಜೆ ಬಿಟ್ಟು ತೊಡೆ ತಟ್ಟತೊಡಗಿದ. ಅಮಲ್ದಾರನ ಮುಖ, ಮೈಕಟ್ಟು, ಸ್ವಭಾವ ಒಂದೇ ವಾರದಲ್ಲಿ ಬದಲಾದದ್ದು ಹೇಗೆಂದು ಶಾಖೆ ಸಮಜಾಯಿಷಿ ಕೇಳಿತು. ಚಾಂದಸಾಬ ಒಂದೇ ಸಾಲು ಬರೆದ: “ಹಿಂದಿನ ಅಮಲ್ದಾರರಿಗೆ ವರ್ಗವಾಗಿರುತ್ತದೆ.” ಇಂಥ ತೃಪ್ತಿಕರ ಸಮಜಾಯಿಷಿಯನ್ನು ಶಾಖೆ ಅದುವರೆಗೆ ಕಂಡಿರಲಿಲ್ಲ.

ಐದನೇ ವರ್ಷಕ್ಕೆ ವಾರ್ಷಿಕೋತ್ಸವದ ವಿಶೇಷ ಸಂಚಿಕೆ ಆಗಬೇಕೆಂದು ಸುತ್ತೋಲೆ ಬಂತು. ನಿಯಮ ೪(ಬಿ)ಯ ಪ್ರಕಾರ ಹಿಂದಿನ ಅಮಲ್ದಾರನನ್ನೂ ಕರೆಸತಕ್ಕದ್ದು. ಅವನನ್ನು ಬಲ್ಲವನು ರಾಚಪ್ಪನೊಬ್ಬನೇ ಆದ್ದರಿಂದ ಅವನನ್ನು ಇಳಕಲ್ಲಿನಿಂದ ಮೂರು ದಿನ ನಿಯೋಜನೆಯ ಮೇಲೆ ಕಳಿಸಿದರು. ಇಬ್ಬರೂ ಕೂಡಿ ಬರೆದ ಕತೆಯಲ್ಲಿ ಗುರುಗ್ರಹದ ಕಚೇರಿಯಲ್ಲಿ ಇಬ್ಬರು ಅಮಲ್ದಾರರು ಎದುರುಬದುರಾಗುತ್ತಾರೆ. ಕುರ್ಚಿ ಮಾತ್ರ ಒಂದೇ. “ನೀವು ಕೂಡ್ರಿ”, “ಇಲ್ಲ, ನೀವ ಕೂಡ್ರಿ” ಎನ್ನುತ್ತಲೇ ಹೊತ್ತು ಮುಳುಗುತ್ತದೆ. ಕೊನೆಗೆ ಅರ್ಜಿ ಹಿಡಿದು ಬಂದ ಮುದುಕಿಯೊಬ್ಬಳು ತಾನೇ ಕುರ್ಚಿಯ ಮೇಲೆ ಕೂತು, ತಾನೇ ಸಿಕ್ಕಾ ಒತ್ತಿಕೊಂಡು, ಇಬ್ಬರಿಗೂ ನಮಸ್ಕಾರ ಮಾಡಿ ಹೋಗುತ್ತಾಳೆ. ನಿಜ ಹೇಳಬೇಕೆಂದರೆ ಒಳ್ಳೆಯ ಕತೆ.

ಚಾಂದಸಾಬ ಹುನಗುಂದಕ್ಕೆ ಹೋದ ಮೇಲೆ, ೧೯೮೨ರಲ್ಲಿ, ನಮ್ಮ ಗುರಲಿಂಗಪ್ಪ ಬಂದ. ಕೆರೂರ ಕಡೆಯ ಬೀರಪ್ಪ ದೇವರ ಒಕ್ಕಲು, ಕುರಿ ಕಾಯುವ ಮನೆತನ, ಮೆತ್ತನೆಯ ಮನುಷ್ಯ. ಅವನ ಅಮಲ್ದಾರ ಯಾವ ಗ್ರಹಕ್ಕೆ ಹೋದರೂ ಮೊದಲು ಅಲ್ಲಿಯ ಕುರಿಗಳ ಯೋಗಕ್ಷೇಮ ವಿಚಾರಿಸುತ್ತಿದ್ದ. ಜನರ ಕಷ್ಟ ಕೇಳಿದರೆ ಸಾಕು, ಕಣ್ಣೀರು ಹಾಕುತ್ತಿದ್ದ.

ಗುರಲಿಂಗಪ್ಪನಿಗೆ ಒಬ್ಬಳೇ ಮಗಳು, ಮಾಯವ್ವ. ಮೂರನೇ ಇಯತ್ತೆ. ಶಾಲೆಯ ಸಣ್ಣ ಖೋಲಿಯಲ್ಲಿ ಒಂದು, ಎರಡನೇ ಇಯತ್ತೆಯವರು ಇಟ್ಟಿಗೆ ಒಟ್ಟಿದಂತೆ ಕೂಡುತ್ತಿದ್ದರು. ಮೂರು, ನಾಲ್ಕರವರು ಹೊರಗೆ ಬಯಲಿನಲ್ಲಿ. ಮೈಮೇಲೆ ನೆರಳಿಲ್ಲ, ಕೆಳಗೆ ಕಾದ ಹಾಸುಗಲ್ಲು. ಫೆಬ್ರುವರಿ ದಾಟಿತೆಂದರೆ ಮಾಯವ್ವನ ಮೂಗಿನಿಂದ ರಕ್ತ ಸೋರುತ್ತಿತ್ತು. ಶಿಕ್ಷಕಿ ಇಂದ್ರಾಬಾಯಿ ಅಕ್ಕೋರು ಒದ್ದೆ ಅರಿವೆ ಹಿಡಿದುಕೊಂಡೇ ಮಗ್ಗಿ ಹೇಳಿಕೊಡುತ್ತಿದ್ದರು. ಹತ್ತು ಹೆಜ್ಜೆ ಆಚೆ, ತಂಪಾದ ದೊಡ್ಡ ಖೋಲಿಯಲ್ಲಿ, ಟಿವಿ ಒಂದೇ ಕೂತಿರುತ್ತಿತ್ತು.

ಅಕ್ಕೋರು ಏಳು ಅರ್ಜಿ ಬರೆದಿದ್ದರು. ಏಳಕ್ಕೂ ಒಂದೇ ಉತ್ತರ: ‘ಧಾರಾವಾಹಿ ಚಾಲ್ತಿಯಲ್ಲಿರುವುದರಿಂದ ಖೋಲಿ ಬಿಡಲು ಬರುವುದಿಲ್ಲ.’

ಹೀಗಿರುವಾಗ ಹತ್ತನೇ ವಾರ್ಷಿಕೋತ್ಸವದ ಸುತ್ತೋಲೆ ಬಂತು. ಗುರಲಿಂಗಪ್ಪ ಅದನ್ನು ಓದಿ, ನಿಯಮ ೭ಕ್ಕೆ ಬಂದವನೇ ಚಪ್ಪಲಿ ಮೆಟ್ಟುವುದನ್ನೂ ಮರೆತು ಬಯಲಿಗೆ ಓಡಿದ.

“ಅಕ್ಕೋರ, ಇಲ್ಲಿ ಕೇಳ್ರಿ. ಐದನೇ ವರ್ಷದ ಸಂಚಿಕೆ, ಹತ್ತನೇ ವರ್ಷದ ಸಂಚಿಕೆ ಎರಡನ್ನೂ ಹೋಲಿಸಿ ನೋಡತಕ್ಕದ್ದು. ಹತ್ತನೆಯದು ಕೀಳು ಅಂತ ಕಂಡರ ಧಾರಾವಾಹಿ ಬಂದ್ ಮಾಡಿ, ಖೋಲಿ ಸಾಲಿಗಿ ತಿರುಗಿ ಕೊಡತಕ್ಕದ್ದು.”

“ಹೋಲಿಸಿ ನೋಡವ್ರು ಯಾರ್ರಿ?” ಅಂದರು ಅಕ್ಕೋರು.

“ನಾನ ರಿ.”

“ಹತ್ತನೆಯದು ಬರಿಯವ್ರು?”

“ಅದೂ ನಾನ ರಿ.”

ಅಕ್ಕೋರು ಮಾಯವ್ವನ ಮೂಗಿಗೆ ಹಿಡಿದಿದ್ದ ಅರಿವೆಯನ್ನು ಹಿಂಡಿ, ತಿರುಗಿಸಿ ಹಿಡಿದರು. “ಹಂಗಾದ್ರ ಇನ್ನೇನ ಬೇಕ್ರಿ. ಭಾಳ ಕೆಟ್ಟದು ಬರೀರಿ, ಗುರಲಿಂಗಪ್ಪನವರ. ನಿಮ್ಮ ಮಗಳ ಮ್ಯಾಲೆ ಆಣಿ ಐತಿ.”

“ಕಣ್ಣಿಲೆ ನೋಡಾಕ ಆಗಬಾರದು, ಹಂಗ ಬರೀತೇನಿ” ಎಂದು ಗುರಲಿಂಗಪ್ಪ ಮಾತು ಕೊಟ್ಟ. ಮನೆಯಲ್ಲಿ ಹೆಂಡತಿ ರಂಗವ್ವನಿಗೂ ಅದನ್ನೇ ಹೇಳಿದ. ಅಂದು ಆಕೆ ಅವನಿಗೆ ಎರಡು ರೊಟ್ಟಿ ಹೆಚ್ಚು ಬಡಿಸಿದಳು.

ನಿಯೋಜನೆಯ ಮೇಲೆ ಇಳಕಲ್ಲಿನಿಂದ ರಾಚಪ್ಪ, ಹುನಗುಂದದಿಂದ ಚಾಂದಸಾಬ ಬಂದಿಳಿದರು. ಮೂವರೂ ಟಿವಿ ಖೋಲಿಯಲ್ಲಿ ಕೂತರು. ವೀಕ್ಷಣೆಗೆ ಭಂಗ ಬರಬಾರದೆಂದು ಟಿವಿಯನ್ನೂ ಹಚ್ಚಿದರು, ಚುಕ್ಕೆಗಳು ಕುದಿಯುತ್ತಿದ್ದವು. ಗುರಲಿಂಗಪ್ಪ ತನ್ನ ಕತೆ ಮುಂದಿಟ್ಟ: ಮೂವರು ಅಮಲ್ದಾರರು ಮಂಗಳಗ್ರಹದಲ್ಲಿ ಇಳಿಯುತ್ತಾರೆ. ಒಬ್ಬನ ಕಾಗದಕ್ಕೆ ಇನ್ನಿಬ್ಬರ ಸಹಿ ಬೇಕು. ಮೂವರೂ ಸಹಿ ಮಾಡುತ್ತಾರೆ. ಮೂವರೂ ಮನೆಗೆ ಹೋಗುತ್ತಾರೆ. ಮುಗಿಯಿತು.

“ಇದರಾಗ ನನ್ನ ಅಮಲ್ದಾರ ಮೊದಲ ಇಳೀಬೇಕು. ಸೀನಿಯರ್ ಅದಾನ” ಅಂದ ರಾಚಪ್ಪ.

“ಇಳೀಲಿ ಬಿಡ್ರಿ. ಆದ್ರ ವಿಮಾನ ಹೊತ್ಕೊಂಡು ಇಳಿಸಾಂವ ನನ್ನಾಂವ” ಅಂದ ಚಾಂದಸಾಬ.

ಯಾರು ಯಾರಿಗೆ ಮೊದಲು ನಮಸ್ಕಾರ ಮಾಡಬೇಕೆಂಬ ಪ್ರಶ್ನೆಯಲ್ಲಿ ಒಂದು ದಿನ ಹೋಯಿತು. ಗುರಲಿಂಗಪ್ಪ ಎಲ್ಲದಕ್ಕೂ ಹೂಂಗುಟ್ಟಿದ. ಕತೆ ಕೆಟ್ಟಷ್ಟೂ ಅವನಿಗೆ ಲಾಭ. ಎಲ್ಲವೂ ನೆಟ್ಟಗೆ ನಡೆಯುತ್ತಿತ್ತು, ಎರಡನೇ ದಿನ ಚಹಾ ಕುಡಿಯುತ್ತ ರಾಚಪ್ಪ ಬಾಯಿ ತೆರೆಯದೆ ಇದ್ದಿದ್ದರೆ.

“ತಪ್ಪ ತಿಳೀಬ್ಯಾಡ ಗುರಲಿಂಗಪ್ಪ. ನಮ್ಮಿಬ್ಬರ ಅಮಲ್ದಾರರು ಏನಾರ ಮಾಡ್ಯಾರ. ನಿನ್ನಾಂವ ಅಳೂದು ಬಿಟ್ಟು ಮತ್ತೇನ ಮಾಡ್ಯಾನ?”

“ಖರೆ ಐತಿ” ಅಂದ ಚಾಂದಸಾಬ. “ಹಂತಾವನ್ನ ನಮ್ಮ ಸರೀಕ ನಿಲ್ಲಿಸಿದ್ರ ನಮಗ ಕಮ್ಮಿ.”

ಗುರಲಿಂಗಪ್ಪನಿಗೆ ಕೆಂಡ ತುಳಿದಂತಾಯಿತು. ಮೂರು ವರ್ಷ ತಾನು ಸಾಕಿದ ಅಮಲ್ದಾರ. ಅವನನ್ನು ಹೀಗೆ ಆಡಿಕೊಂಡರೆ ಯಾರು ಸುಮ್ಮನಿದ್ದಾರು? ಅವರಿಬ್ಬರೂ ಬಸ್ಸು ಹತ್ತುವವರೆಗೆ ಕಾದು, ಖೋಲಿಯ ಬಾಗಿಲು ಹಾಕಿಕೊಂಡು ಕತೆಗೆ ಒಂದೇ ಒಂದು ಪುಟ ಸೇರಿಸಿದ.

ಮಂಗಳದ ಮೇಲೆ ಸಹಿಯ ಕೆಲಸ ಮುಗಿದಿದೆ. ಮೊದಲಿಬ್ಬರು ಹೊರಟಿದ್ದಾರೆ. ಮೂರನೇ ಅಮಲ್ದಾರ ತಿರುಗಿ ನೋಡುತ್ತಾನೆ. ಕೆಂಪು ಬಯಲಿನಲ್ಲಿ, ಉರಿಯುವ ಬಿಸಿಲಿನಲ್ಲಿ, ಮಂಗಳದ ಮಕ್ಕಳು ಪಾಟಿ ಹಿಡಿದು ಸಾಲಾಗಿ ಕೂತಿವೆ. ಅಮಲ್ದಾರ ಅಳುವುದಿಲ್ಲ. ತನ್ನ ವಿಮಾನವನ್ನು ಮಕ್ಕಳ ನೆತ್ತಿಯ ಮೇಲೆ ತಂದು ನಿಲ್ಲಿಸುತ್ತಾನೆ. ನೆರಳು ಬೀಳುತ್ತದೆ. ಶಾಲೆ ಬಿಡುವ ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿರುತ್ತಾನೆ, ಎಣ್ಣೆ ಮುಗಿಯುವುದೆಂದು ಗೊತ್ತಿದ್ದೂ.

ಬರೆದು ಮುಗಿಸಿದಾಗ ಅಳುವವನು ಗುರಲಿಂಗಪ್ಪನೇ ಆಗಿದ್ದ.

ಮರುದಿನ ಮಧ್ಯಾಹ್ನ ತೌಲನಿಕ ವರದಿಗೆ ಕೂತ. ನಮೂನೆಯಲ್ಲಿ ಎರಡು ಅಂಕಣ. ಅಮಲ್ದಾರರ ಸಂಖ್ಯೆ: ಐದನೆಯದರಲ್ಲಿ ಇಬ್ಬರು, ಹತ್ತನೆಯದರಲ್ಲಿ ಮೂವರು, ಪ್ರಗತಿ ಶೇಕಡಾ ಐವತ್ತು. ಕುರ್ಚಿಗಳು: ಐದನೆಯದರಲ್ಲಿ ಒಂದು, ಹತ್ತನೆಯದರಲ್ಲಿ ಇಲ್ಲ. ಸಾರ್ವಜನಿಕರ ಕೆಲಸ: ಐದನೆಯದರಲ್ಲಿ ಮುದುಕಿ ತಾನೇ ಮಾಡಿಕೊಂಡಳು, ಹತ್ತನೆಯದರಲ್ಲಿ ಅಧಿಕಾರಿ ಮಾಡಿದ. ಈ ಕೊನೆಯದು ವಾಸ್ತವಕ್ಕೆ ದೂರ ಎಂದು ಷರಾ ಬರೆದು, ತನ್ನ ಕತೆಗೆ ಒಂದು ಅಂಕ ಕಳೆದ. ಅಷ್ಟಕ್ಕೇ ಮನಸ್ಸು ಹಿಂಡಿತು.

ಉಳಿದದ್ದು ಕೊನೆಯ ಪ್ರಶ್ನೆ. ‘ಎರಡರಲ್ಲಿ ಕೀಳು ಯಾವುದು?’ ಬರೆಯಬೇಕಾದದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಿಟಕಿಯಿಂದ ಮಗ್ಗಿಯ ದನಿ ಕೇಳುತ್ತಿತ್ತು, ಅದರಲ್ಲಿ ಮಾಯವ್ವನ ದನಿ ಇರಲಿಲ್ಲ. ಮೂಗು ಹಿಡಿದುಕೊಂಡು ಕೂತಿರಬೇಕು. ಪೆನ್ನು ಕಾಗದಕ್ಕೆ ಮುಟ್ಟಿಸಿದ. ಆಮೇಲೆ, ಕೊನೆಯದಾಗಿ ಒಮ್ಮೆ ನೋಡೋಣವೆಂದು, ಆ ಪುಟವನ್ನು ಮತ್ತೆ ಓದಿದ. ನೆರಳು ಬೀಳುವ ಸಾಲಿಗೆ ಬಂದ. ಇದನ್ನು ಕೀಳು ಎಂದು ಯಾವ ಬಾಯಿಯಿಂದ ಹೇಳುವುದು? ಹೇಳಿದರೆ ಇಳಕಲ್ಲಿನಲ್ಲಿ ರಾಚಪ್ಪ ನಗುತ್ತಾನೆ. ಗುರಲಿಂಗಪ್ಪ ‘ಐದನೆಯದು’ ಎಂದು ಬರೆದು ಸಹಿ ಹಾಕಿದ. ಚಹಾ ಬರುವವರೆಗೆ ಅವನಿಗೆ ಬಹಳ ನಾಚಿಕೆಯಾಯಿತು.

ತಿಂಗಳೊಳಗೆ ಆದೇಶ ಬಂತು. “ಹತ್ತನೇ ವಾರ್ಷಿಕೋತ್ಸವದ ಸಂಚಿಕೆಯು ಶಾಖೆಯ ಸಿಬ್ಬಂದಿಯ ಕಣ್ಣುಗಳನ್ನು ತೇವಗೊಳಿಸಿರುತ್ತದೆ. ಮಂಗಳಗ್ರಹದ ಶಾಲಾ ಮಕ್ಕಳ ದುಃಸ್ಥಿತಿಯನ್ನು ಶಾಖೆ ಗಂಭೀರವಾಗಿ ಪರಿಗಣಿಸಿದೆ. ಆದಕಾರಣ ಧಾರಾವಾಹಿಯನ್ನು ಹದಿನೈದನೇ ವರ್ಷದವರೆಗೆ ವಿಸ್ತರಿಸಲಾಗಿದೆ. ಹಳೆಯ ಸಂಚಿಕೆಗಳ ದಾಖಲೆಗಳನ್ನು ಇಡಲು ಶಾಲೆಯ ಎರಡನೇ ಖೋಲಿಯನ್ನೂ ವಶಕ್ಕೆ ಪಡೆಯತಕ್ಕದ್ದು.”

ಒಂದು, ಎರಡನೇ ಇಯತ್ತೆಯವರೂ ಪಾಟಿಚೀಲ ಎತ್ತಿಕೊಂಡು ಬಯಲಿಗೆ ಬಂದರು. ಇಂದ್ರಾಬಾಯಿ ಅಕ್ಕೋರು ಎಂಟು ದಿನ ಗುರಲಿಂಗಪ್ಪನ ಮುಖ ನೋಡಲಿಲ್ಲ. ರಂಗವ್ವ ರೊಟ್ಟಿ ಬಡಿಸಿದಳು, ಮಾತು ಬಡಿಸಲಿಲ್ಲ. ಒಂಬತ್ತನೇ ದಿನ ಅಕ್ಕೋರಿಗೆ ಆ ಸಂಚಿಕೆಯ ನಕಲು ಓದಲು ಸಿಕ್ಕಿತು. ಓದಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಟಿವಿ ಖೋಲಿಯ ಬಾಗಿಲಿಗೆ ಬಂದರು.

“ಏನರ ಹೇಳ್ರಿ, ಆ ಮಕ್ಕಳಿಗಿ ನೆಳ್ಳ ಸಿಕ್ತಲ್ರಿ” ಅಂದರು. “ಮುಂದ ಎಣ್ಣಿ ಮುಗೀತೇನ್ರಿ? ಆ ವಿಮಾನ ಬೀಳಿಸಬ್ಯಾಡ್ರಿ ಮತ್ತ.”

“ಬೀಳಸೂದಿಲ್ರಿ ಅಕ್ಕೋರ” ಅಂದ ಗುರಲಿಂಗಪ್ಪ. ಅವನ ಎದೆಯ ಮೇಲಿನ ಭಾರ ಇಳಿಯಿತು. ಅಕ್ಕೋರು ಅಂದಿನಿಂದ ಊರಿನ ಟಿವಿ ವೀಕ್ಷಣಾ ಸಮಿತಿಯ ಸದಸ್ಯರಾದರು. ಹಳೆಯ ಏಳೂ ಅರ್ಜಿಗಳನ್ನು ಹಿಂದಕ್ಕೆ ಪಡೆದರು.

ಮರುವರ್ಷ ಮಾರ್ಚ್‌ನಲ್ಲಿ ಬಾಗಲಕೋಟೆಯಿಂದ ಶಾಖೆಯ ಸಾಹೇಬರು ತಪಾಸಣೆಗೆ ಬಂದರು. ತಪಾಸಣೆಯ ಅಧಿಕಾರಿ ಟಿವಿ ಹಚ್ಚಿ ನೋಡಿದರೆ ವರದಿಯ ಬಗ್ಗೆ ಪೂರ್ವಗ್ರಹ ಉಂಟಾಗುವ ಸಂಭವವಿದ್ದು, ನಿಯಮ ೧೧ರ ಪ್ರಕಾರ ಹಚ್ಚಕೂಡದು. ಸಾಹೇಬರು ಹಚ್ಚಲಿಲ್ಲ. ಬಯಲಿಗೆ ಬಂದು, ಮುಂದಿನ ಸಾಲಿನಲ್ಲಿದ್ದ ಮಾಯವ್ವನನ್ನು ಎಬ್ಬಿಸಿ ಅಮಲ್ದಾರನ ಬಗ್ಗೆ ಕೇಳಿದರು. ಅವಳು ಮೂವರದ್ದೂ ಹುಟ್ಟುಗುಣ, ಹೋದ ಗ್ರಹ, ಬಗೆಹರಿಸಿದ ತಕರಾರು ಎಲ್ಲ ಪಟಪಟ ಹೇಳಿದಳು. ಏಳರ ಮಗ್ಗಿ ಕೇಳಿದ್ದರೆ ಬರುತ್ತಿರಲಿಲ್ಲ, ಆದರೆ ಅದನ್ನು ಕೇಳುವ ಅಧಿಕಾರ ಸಾಹೇಬರ ಶಾಖೆಗೆ ಇರಲಿಲ್ಲ.

“ಭೇಷ್” ಅಂದರು ಸಾಹೇಬರು. “ಬಿಸಲಾಗ ಕುಂತೀಯಲ್ಲವ್ವಾ, ಖೋಲಿ ಬೇಕು ಅನಸೂದಿಲ್ಲೇನು?”

ಮಾಯವ್ವನಿಗೆ ಪ್ರಶ್ನೆ ಸರಿಯಾಗಿ ತಿಳಿಯಲಿಲ್ಲ. ತಂದೆಯ ಕಡೆ ನೋಡಿದಳು, ಅಕ್ಕೋರ ಕಡೆ ನೋಡಿದಳು.

“ಖೋಲಿ ಟಿವಿಗಿ ಇರತೈತ್ರಿ” ಅಂದಳು. “ಸಾಲಿ ಅಂದ್ರ ಬಯಲಾಗ ಇರೂದಲ್ರಿ?”

ಸಾಹೇಬರು ಸಂತೋಷಪಟ್ಟು, ಮಕ್ಕಳ ಕಡೆಯಿಂದ ಯಾವ ದೂರೂ ಇಲ್ಲವೆಂದು ಬರೆದುಕೊಂಡರು. ಅಕ್ಕೋರು ಹೆಮ್ಮೆಯಿಂದ ತಲೆಯಾಡಿಸಿದರು. ಉತ್ತರ ಹೇಳುವಷ್ಟರಲ್ಲಿ ಮಗಳ ಮೂಗಿನಿಂದ ಒಂದು ಕೆಂಪು ಗೆರೆ ಇಳಿದಿತ್ತು. ಗುರಲಿಂಗಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿದ. ಆಮೇಲೆ ಅದೇ ಜೇಬಿನಿಂದ ಪೆನ್ನು ತೆಗೆದು, ಮರೆತುಹೋಗುವ ಮೊದಲು, ಅವಳ ಮಾತನ್ನು ಅಂಗೈಯ ಮೇಲೆ ಬರೆದುಕೊಂಡ. ಮುಂದಿನ ವಾರದ ಸಂಚಿಕೆಯಲ್ಲಿ ಮಂಗಳದ ಮಗುವಿನ ಬಾಯಲ್ಲಿ ಹಾಕಲು ಅವನಿಗೆ ಒಂದು ಒಳ್ಳೆಯ ಮಾತು ಬೇಕಾಗಿತ್ತು.