ಮನೆಯಾಕೆಯ ಕಣ್ಣರೆಪ್ಪೆ

ಹೆದರಿದ ಮನುಷ್ಯನ ಕೈಯಲ್ಲಿ ನಗುವಂಥ ಕೆಲಸಗಳು ತಾವಾಗಿಯೇ ಆಗುತ್ತವೆ. ನಮ್ಮ ಮನೆಯಾಕೆಯ ಬಲಗಣ್ಣಿನ ರೆಪ್ಪೆ ಕೆಂಪಾಗಿ, ಸಿಪ್ಪೆಯೆದ್ದು, ಕೂದಲು ಉದುರತೊಡಗಿದಾಗ ನಾನೆಷ್ಟು ಹೆದರಿದ್ದೆನೋ ಶಿವನಿಗೇ ಗೊತ್ತು. ಕಣ್ಣೇ ಹೋದರೆ ಹೇಗೆ ಎಂಬುದೊಂದೇ ಚಿಂತೆ.

ಖಾಲಿ ಸೀಟು

ಗೊರೇಬಾಳದಿಂದ ಸಿಂಧನೂರಿಗೆ ಬಸ್ ಹತ್ತಿದೆವು. ಕಾಲಿಡಲು ಜಾಗವಿಲ್ಲ. ಒಬ್ಬಾಕೆ ನಮ್ಮಾಕೆಯ ಕಣ್ಣು ನೋಡಿ, "ಯವ್ವಾ, ಮದ್ರಾಸ್ ಕಣ್ಣು" ಎಂದಳು. ಎರಡು ಸೀಟಿನ ಮಂದಿ ಎದ್ದು ಮುಂದೆ ಸರಿದರು. ಇಷ್ಟು ದಿನ ಜೊತೆಗಿದ್ದರೂ ನನಗೆ ಅಂಟಿಲ್ಲ ಎಂದು ಹೇಳಲು ಬಾಯಿ ತೆರೆದೆ. ಮನೆಯಾಕೆ ನನ್ನ ಧೋತರದ ಚುಂಗು ಜಗ್ಗಿದಳು.

"ಸುಮ್ಮ ಕುಂಡ್ರಿ. ಮದುವ್ಯಾದಾಗಿಂದ ಕಿಡಕಿ ಸೀಟು ಇವತ್ತ ಸಿಕ್ಕೈತಿ."

ಎಳ್ಳಿನಷ್ಟು

ಸಿಂಧನೂರಿನ ಕಣ್ಣಿನ ಡಾಕ್ಟರರು ಕೊಟ್ಟ ಹನಿಯಿಂದ ಗುಣ ಕಾಣಲಿಲ್ಲ. "ಕಣ್ಣು ಚಲೋ ಐತಿ, ಇದು ಚರ್ಮದ್ದು" ಎಂದು ಲಿಂಗಸುಗೂರಿಗೆ ಕಳಿಸಿದರು. ಅಲ್ಲಿನ ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ರೆಪ್ಪಿ ಚರ್ಮ ಎಳ್ಳಿನಷ್ಟು ತಗದು ಪರೀಕ್ಷಾಕ್ಕ ಕಳಸಬೇಕು" ಎಂದರು. ನಾನು ಎದ್ದು ನಡುವೆ ನಿಂತೆ.

"ನನ್ನ ರೆಪ್ಪಿದು ತಗೋರಿ ಮೇಡಂ, ಆಕೀದು ಬ್ಯಾಡ" ಅಂದೆ.

ಡಾಕ್ಟರಮ್ಮ ನರ್ಸಿನ ಕಡೆ ತಿರುಗಿ, "ಮೊದಲ ಇವರ ಬಿಪಿ ನೋಡವಾ" ಎಂದರು.

ಮಸ್ಕಿಯ ಹಿರಿಯರು

ರೆಪ್ಪೆಯಿಂದ ತೆಗೆದ ಚರ್ಮದ ಚೂರನ್ನು ಮದ್ದಿನ ನೀರಿದ್ದ ಪುಟ್ಟ ಬಾಟಲಿಯಲ್ಲಿ ಹಾಕಿ, ಸಿಂಧನೂರಿನ ಲ್ಯಾಬಿಗೆ ಮುಟ್ಟಿಸಲು ನನ್ನ ಕೈಗೇ ಕೊಟ್ಟರು. ಎಲ್ಲಿ ಚೆಲ್ಲೀತೋ ಎಂದು ಎರಡೂ ಕೈಯಲ್ಲಿ ಎದೆಗವಚಿಕೊಂಡು, ಪಂಚಾಕ್ಷರಿ ಜಪಿಸುತ್ತ ಬಸ್ಸಿನಲ್ಲಿ ಕೂತೆ. ಹಣೆ ತುಂಬ ವಿಭೂತಿ ಬೇರೆ. ಮಸ್ಕಿಯಲ್ಲಿ ಹತ್ತಿದ ಹಿರಿಯರೊಬ್ಬರು ನನ್ನನ್ನು ನೋಡಿ, ಚಪ್ಪಲಿ ಬಿಟ್ಟು, ಭಕ್ತಿಯಿಂದ ಬಲಗೈ ಒಡ್ಡಿದರು.

"ಶ್ರೀಶೈಲಕ್ಕ ಹೋಗಿದ್ರೇನ್ರಿ? ಒಂದ್ ಹನಿ ತೀರ್ಥ ಹಾಕ್ರಿ."

"ಇದು ತೀರ್ಥ ಅಲ್ಲರೀ. ನಮ್ಮ ಮನಿಯಾಕಿ ಕಣ್ಣರೆಪ್ಪಿ."

ಹಿರಿಯರು ನನ್ನ ಪಕ್ಕದಲ್ಲಿದ್ದ ನಮ್ಮಾಕೆಯ ಕಣ್ಣಿನ ಪಟ್ಟಿ ನೋಡಿದರು. ಒಡ್ಡಿದ ಕೈಯನ್ನು ಮೆಲ್ಲಗೆ ಜೇಬಿಗಿಟ್ಟು, "ಕಂಡಕ್ಟರ್ ಸಾಹೇಬ್ರ, ನಾ ಇಲ್ಲೇ ಇಳೀತೀನಿ" ಎಂದರು.

ಪಹರೆಯವರು

ವರದಿ ಹಿಡಿದು ಮತ್ತೆ ಲಿಂಗಸುಗೂರಿಗೆ ಹೋದೆವು. ಡಾಕ್ಟರಮ್ಮ ಅದನ್ನು ಓದಿ ಮುಗಿಸುವವರೆಗೆ ನಾನು ಪಂಚಾಕ್ಷರಿ ಬಿಡಲಿಲ್ಲ.

"ಕ್ಯಾನ್ಸರ್ ಅಲ್ಲ, ಅಂಟೋದೂ ಅಲ್ಲ. ಲೂಪಸ್ ಅಂತಾರ. ರೋಗ ಬರದಂಗ ಮೈ ಕಾಯೋ ಪಹರೆಯವರೇ ಮನಿಯವರನ್ನ ಕಳ್ಳರಂತ ತಿಳದು ಬಡ್ಯಾಕತ್ತಾರ. ಮುಲಾಮು ಹಚ್ಚರಿ, ಬಿಸಲಿಗಿ ಹೋಗಬ್ಯಾಡ್ರಿ. ಕಣ್ಣಿಗೇನೂ ಆಗೂದಿಲ್ಲ."

"ಹಂಗಾರ ಆ ಪಹರೆಯವರನ್ನ ಕೆಲಸದಿಂದ ತಗದುಬಿಡ್ರಿ" ಅಂದೆ.

"ತಗದ್ರ ಖರೇ ಕಳ್ಳ ಬರ್ತಾನ. ಈ ಗುಳಿಗಿ ಅವರಿಗೆ ಒಂದೀಟು ಸಮಾಧಾನ ಕಲಿಸ್ತಾವ."

ಮನೆಯಾಕೆ ಸೆರಗು ಸರಿಮಾಡಿಕೊಂಡಳು.

"ಆ ಗುಳಿಗಿ ಇವರಿಗೂ ಬರ್ಕೊಡ್ರಿ, ಮೇಡಂ. ಉಣ್ಣಾಕ ಕುಂತ್ರ ಕಣ್ಣು ತೋರ್ಸು, ಪೂಜಿಗಿ ಕುಂತ್ರ ಕಣ್ಣು ತೋರ್ಸು ಅಂತಾರ. ನನ್ನ ಕಾಯಾಕಂತ ನಿಂತು ನನ್ನೇ ಸಾಯಬಡ್ಯಾಕತ್ತಾರ."