ಅಣ್ಣನ ನಕಾಶೆಯ ಮೇಲಿನ ಜೋಳದ ಕಾಳು

ನಮ್ಮ ಅಣ್ಣ ಹುಬ್ಬಳ್ಳಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲೇ ಕಿರಾಣಿ ಅಂಗಡಿ ಇಟ್ಟು, ದಿನಾಲೂ ರುಮೇನಿಯಾದಲ್ಲಿ ತಿರುಗಾಡುತ್ತಿದ್ದ ಮನುಷ್ಯ. ಇಂಥವನ ಮೇಲೆ ಸಂಶಯ ಪಡದೆ ಇನ್ಯಾರ ಮೇಲೆ ಪಡಬೇಕು, ನೀವೇ ಹೇಳಿ!

ಎಲ್ಲಕ್ಕೂ ಮೂಲ ರದ್ದಿ. ಪುಡಿಕೆ ಕಟ್ಟಲು ತೂಕದ ಮೇಲೆ ತಂದ ಕಾಗದದಲ್ಲಿ ಯಾವುದೋ ಹಳೆಯ ನಕಾಶೆ ಪುಸ್ತಕದ ಒಂದು ಹಾಳೆ ಬಂತು. ರುಮೇನಿಯಾ ದೇಶದ ಫಗರಾಶ್ ಜಿಲ್ಲೆ. ಮೇಲೆ ಓಲ್ಟ್ ಎಂಬ ಹೊಳೆ, ಕೆಳಗೆ ದೊಡ್ಡ ಗುಡ್ಡ, ನಡುವೆ ಚೆಲ್ಲಾಡಿದಂತೆ ಹಳ್ಳಿಗಳು. ಅದರಲ್ಲಿ ಮೆಣಸಿನಕಾಯಿ ಕಟ್ಟುವುದು ಬಿಟ್ಟು ಅಣ್ಣ ಗೋಡೆಗೆ ಹಚ್ಚಿದ. ಊರೆಂದ ಮೇಲೆ ಸಂತೆ ಬೇಡವೆ? ಒಂದೊಂದು ಹಳ್ಳಿಗೆ ಒಂದೊಂದು ವಾರ ಗೊತ್ತುಮಾಡಿದ. ಶಿಂಕಾ, ಶೆರ್ಕಾಯಾ ಎರಡಕ್ಕೂ ಬುಧವಾರವೇ ಬಂದು, ಗಿರಾಕಿ ಒಡೆಯುತ್ತಾರಲ್ಲ ಎಂಬ ಚಿಂತೆಗೆ ಅವನಿಗೆ ಊಟ ಸೇರಲಿಲ್ಲ!

ಸಕ್ಕರೆಗೆ ಬಂದ ಮಾಸ್ತರರು ಒಮ್ಮೆ ನಕಾಶೆ ನೋಡಿ ನಕ್ಕರು. "ಆ ಜಿಲ್ಲಾ ಯಾವಾಗೋ ತಗದು ಹಾಕ್ಯಾರಪಾ!"

"ಜಿಲ್ಲಾ ತಗದ್ರ ಊರು ಎಲ್ಲಿ ಹೋಗ್ತಾವ್ರಿ? ಮೊನ್ನಿತನಾ ನಾವು ಮುಂಬೈ ರಾಜ್ಯದಾಗಿದ್ವಿ, ಈಗ ಮೈಸೂರಿನ್ಯಾಗ. ನಮ್ಮ ಅಂಗಡಿ ಎದ್ದು ನಡದು ಹೋತೇನ್ರಿ?"

ಮಾಸ್ತರರು ಸಕ್ಕರೆ ಮರೆತು ಹೋದರು.

ಇಂಥ ಸಂಚಾರಿಯನ್ನು ಇಲ್ಲೇ ಪಕ್ಕದ ರಾಯಾಪುರದ ಸೋದರಮಾವ ಊಟಕ್ಕೆ ಕರೆದರೆ? "ಭಾಳ ದೂರ ಆತಲ್ರಿ ಮಾವಾ!"

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ಎಳವೆಯಲ್ಲಿ ಜ್ವರ ಬಂದು ಎಡಗಾಲು ಸೊರಗಿತ್ತು, ಕೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ, ಸಾಲೆ ದೂರವಿತ್ತು. ಅಣ್ಣನ ಅಂಗಡಿಯಲ್ಲಿ ಕೂತು ಪುಡಿಕೆ ಕಟ್ಟುವುದೇ ನನ್ನ ಕೆಲಸ. ಕೂತವನಿಗೆ ಸಂಶಯ ಬಹಳ.

ಅಷ್ಟರಲ್ಲಿ ಚೀನಾ ಯುದ್ಧ ಬಂತು. ಕರಿ ಕನ್ನಡಕ ಹಾಕಿದವರನ್ನೂ ಓಣಿಯವರು ಗೂಢಚಾರರೆಂದು ತಿರುಗಿ ನೋಡುವ ಕಾಲ. ಒಂದು ದಿನ ನಕಾಶೆಯ ಸಮೀಪ ಹೋಗಿ ನೋಡುತ್ತೇನೆ, ದಾರಿಗುಂಟ ಅಂಟು ಹಚ್ಚಿ ಕೂಡಿಸಿದ ಜೋಳದ ಕಾಳು! ಊರಿದ್ದಲ್ಲಿ ಅಲ್ಲ, ಊರು ಊರಿನ ನಡುವೆ, ಏನೂ ಇಲ್ಲದ ಕಡೆ. ಏನೂ ಇಲ್ಲದ ಕಡೆ ಗುರುತು ಹಾಕುವವರು ಯಾರು? ನಿಧಿ ಹೂತವರು, ಇಲ್ಲವೆ ಬಾಂಬು ಹಾಕುವವರು. ನಮ್ಮ ಮನೆಯಲ್ಲಿ ನಿಧಿಯಂತೂ ಇರಲಿಲ್ಲ!

"ಅಣ್ಣಾ, ಈ ಕಾಳು ಯಾಕ?"

"ನಿನಗ್ಯಾಕ ಅದು? ಮೆಣಸಿನಕಾಯಿ ಕಟ್ಟು."

ಮುಚ್ಚಿಡುತ್ತಾನೆಂದರೆ ಏನೋ ಇದೆ! ತಂಬಾಕಿಗೆ ಬಂದ ಹವಾಲ್ದಾರರ ಕಿವಿಯಲ್ಲಿ ನಾನೇ ಊದಿದೆ. ಹೌದು, ನಾನೇ. ಒಡಹುಟ್ಟಿದವನು.

ಮರುದಿನ ಹವಾಲ್ದಾರರು ಲಾಠಿ ಕುಟ್ಟುತ್ತ ಬಂದರು. ಅಣ್ಣನಿಗೆ ಹಿಗ್ಗೋ ಹಿಗ್ಗು. ಇಷ್ಟು ದಿನಕ್ಕೆ ಒಬ್ಬ ಜೊತೆಗಾರ ಸಿಕ್ಕ! ಚಹಾ ತರಿಸಿ, ನಕಾಶೆಯ ಮೇಲೆ ಬೆರಳಿಟ್ಟು ಅವರನ್ನು ಫಗರಾಶ್‌ನಿಂದ ಹೊರಡಿಸಿದ. ವೊಯ್ಲಾ ಎಂಬ ಊರು ದಾಟುವಾಗ ಹವಾಲ್ದಾರರು ಸೊಂಟದ ಪಟ್ಟಿ ಸಡಿಲಿಸಿದರು.

"ಅಲ್ಲೆ ರೊಟ್ಟಿ ಸಿಗ್ತಾವೇನೋ?"

"ಜ್ವಾಳದ್ದು ಸಿಗೂದಿಲ್ರಿ. ನಾವ ಕಟ್ಟಿಕೊಂಡು ಹೋಗಬೇಕು."

"ಪೊಲೀಸ್ ಚೌಕಿ?"

"ಒಂದೈತ್ರಿ. ಹವಾಲ್ದಾರ್ ಭಾಳ ಛಲೋ ಮನುಷ್ಯಾರಿ!"

ದ್ರಾಗುಶ್ ಮುಟ್ಟಿದ ಮೇಲೆ ಬಂದ ಕೆಲಸ ನೆನಪಾಗಿ ಅವರು ದನಿ ಗಡಸು ಮಾಡಿದರು. "ಈ ಕಾಳು ಯಾತಕ್ಕ? ಖರೇ ಹೇಳು."

ಅಣ್ಣ ಸುತ್ತ ನೋಡಿ ದನಿ ಇಳಿಸಿದ. ಚೀಲಗಳ ಹಿಂದೆ ಅಡಗಿ ಕೂತಿದ್ದ ನಾನು ಕಿವಿ ಚಾಚಿದೆ.

"ದಣಿದಾಗ ಕೂಡೂ ಜಾಗಾರಿ. ನಮ್ಮ ತಮ್ಮಗ ಒಂದೂರಿಂದ ಇನ್ನೊಂದೂರಿಗೆ ಒಮ್ಮೆಲೆ ನಡಿಯಾಕ ಆಗೂದಿಲ್ಲ. ಅವಗ ಹೇಳಬ್ಯಾಡ್ರಿ, ಮನಸ್ಸಿಗೆ ಹಚ್ಚಿಕೊಂತಾನ. ಅವನ್ನ ಬಿಟ್ಟು ನಾ ಒಬ್ಬನ ಹೆಂಗ ಹೋಗ್ಲಿ?"

ಹವಾಲ್ದಾರರು ಚೀಲಗಳ ಕಡೆ ಒಮ್ಮೆ ನೋಡಿದರು. ಲಾಠಿ ಎತ್ತಿಕೊಂಡರು. ಹೋಗಿಬಿಟ್ಟರು.

ಅವರನ್ನು ಕರೆದವರು ಯಾರೆಂದು ಅಣ್ಣನಿಗೆ ಹೇಳಲು ನನಗೆ ಎಂದೂ ಬಾಯಿ ಬರಲಿಲ್ಲ. ಅವತ್ತು ಸಂಜೆ ಇಷ್ಟು ಮಾತ್ರ ಕೇಳಿದೆ. "ಅಣ್ಣಾ, ಮುಂದ ಯಾವೂರು?"

ಅವನ ಮುಖ ಅರಳಿತು. "ಲೀಸಾ. ನಾಳೆ ಅಲ್ಲೆ ಸಂತಿ."

ನಾನು ಗಡಬಡಿಸಿ ಕೋಲಿಗೆ ಕೈ ಹಾಕಿದೆ.

"ಗಡಿಬಿಡಿ ಏನಿಲ್ಲೋ ತಮ್ಮಾ," ಎಂದ. "ಆರಾಮಾಗಿ ಬಾ."