ಕಿಟಕಿಯಲ್ಲಿ ನೀರು ಕುಡಿದ ಸೆಕ್ರೆಟರಿ

ಅಷ್ಟೂ ರಗಳೆಗೆ ಕಾರಣ ಕಟ್ಟಡದ ಸಂಘದ ಸೆಕ್ರೆಟರಿಯವರು ನೀರು ಕುಡಿದದ್ದು. ಅವರು ಕುಡಿದದ್ದು ಒಂದೇ ಸಲ, ಅದೂ ಭಾನುವಾರ. ಆದರೆ ಬುಧವಾರ ಬೆಳಿಗ್ಗೆ ಲೆನ್ಸಣ್ಣನ ಮನೆಯ ಕಂಪ್ಯೂಟರ್ ಪರದೆಯ ಮೇಲೆ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಿಟಕಿಯಲ್ಲಿ, ಅವರು ಲೋಟ ಎತ್ತುತ್ತಿದ್ದರು, ಗಟಗಟನೆ ಕುಡಿಯುತ್ತಿದ್ದರು, ಮೀಸೆ ಒರೆಸಿಕೊಳ್ಳುತ್ತಿದ್ದರು, ಮತ್ತೆ ಲೋಟ ಎತ್ತುತ್ತಿದ್ದರು. ಕಾಫಿ ತಂದ ಹೆಂಡತಿ ನೋಡುತ್ತ ನಿಂತಳು. ಮೂರನೆಯ ಲೋಟದ ಹೊತ್ತಿಗೆ ಅವಳಿಗೆ ನಗು ತಡೆಯಲಾಗಲಿಲ್ಲ.

“ರೀ, ಇವರ ಹೊಟ್ಟೆ ಏನು ಓವರ್‌ಹೆಡ್ ಟ್ಯಾಂಕಾ?”

ಲೆನ್ಸಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಬಿಡುವಿದ್ದಾಗ ಕ್ಯಾಮೆರಾ ಹಿಡಿದು ಕಟ್ಟಡದವರ ಸಮಾರಂಭಗಳನ್ನು ಚಿತ್ರೀಕರಿಸಿ ಡಿವಿಡಿ ಮಾಡಿಕೊಡುವುದು ಹವ್ಯಾಸ. ಎರಡು ಕಡೆಯೂ ಲೆನ್ಸೇ ಆದ್ದರಿಂದ ಕಟ್ಟಡವೇ ಅವನಿಗೆ ಆ ಹೆಸರಿಟ್ಟಿತ್ತು. ಮಾತು ಬಹಳ ಕಡಿಮೆ. ಕ್ಯಾಮೆರಾದ ಹಿಂದೆ ನಿಂತವನನ್ನು ಯಾರೂ ‘ನೀನೂ ಎರಡು ಮಾತಾಡು’ ಎನ್ನುವುದಿಲ್ಲವೆಂಬುದೇ ಆ ಹವ್ಯಾಸದ ದೊಡ್ಡ ಸುಖ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ, ಗುಂಡಿ ಒತ್ತಿ, ಮುಂದಕ್ಕೆ ಬಂದು ಬಗ್ಗಿ, ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದೆಯೋ ಎಂದು ಪ್ರತಿ ಸಲವೂ ನೋಡಿ, ‘ಹತ್ತಿದೆ’ ಎಂದು ಬಾಯಲ್ಲೇ ಗೊಣಗಿಯೇ ಅವನು ಹಿಂದಕ್ಕೆ ಹೋಗುತ್ತಿದ್ದ. ಭಾವಮೈದುನನ ಮದುವೆಯನ್ನು ಪೂರ್ತಿಯಾಗಿ, ಗುಂಡಿ ಒತ್ತದೆಯೇ, ಚಿತ್ರೀಕರಿಸಿದಂದಿನಿಂದ ಬಂದ ಎಚ್ಚರ ಅದು. ಹೆಂಡತಿಯ ತವರಿನಲ್ಲಿ ಇವತ್ತಿಗೂ ಆ ಮಾತು ಎದ್ದರೆ ಅವನು ಚಪ್ಪಲಿ ಹುಡುಕುತ್ತಾನೆ.

ಈ ಸಲದ ಡಿವಿಡಿ ಮೂರನೆಯ ಮಹಡಿಯ ಟೀಚರ್‌ಗಾಗಿ. ಅವರು ಕಟ್ಟಡ ಬಿಟ್ಟು ತಂಗಿಯ ಮಗಳ ಊರಿಗೆ ಹೋಗುವವರಿದ್ದರು. ಆ ಬುಧವಾರವೇ ನಾಲ್ಕು ಗಂಟೆಗೆ ಕಾರು ಬರುವುದಿತ್ತು. ಭಾನುವಾರದ ಬೀಳ್ಕೊಡುಗೆಯಲ್ಲಿ ಕಟ್ಟಡದವರೆಲ್ಲ ಮಾತಾಡಿದ್ದರು. ಲೆನ್ಸಣ್ಣ ಮಾತ್ರ ಕ್ಯಾಮೆರಾ ತೋರಿಸಿ ಒಲ್ಲೆನೆಂದು ತಲೆಯಾಡಿಸಿಬಿಟ್ಟಿದ್ದ.

ಹೇಳುವುದು ಇದ್ದದ್ದು ಅವನಿಗೇ. ಎರಡನೆಯ ತರಗತಿಯಲ್ಲಿ ಅವನನ್ನು ಎಲ್ಲರೂ ದಡ್ಡನೆಂದು ಹಿಂದಿನ ಬೆಂಚಿಗೆ ತಳ್ಳಿದ್ದರು. ಹುಡುಗ ದಡ್ಡನಲ್ಲ, ಬೋರ್ಡೇ ಕಾಣುತ್ತಿಲ್ಲ ಎಂದು ಕಂಡುಹಿಡಿದವರು ಟೀಚರ್. ಶಾಲೆ ಬಿಟ್ಟ ಮೇಲೆ ಕೈಹಿಡಿದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಈಗ ಅವನು ಕೆಲಸ ಮಾಡುವುದು ಅದೇ ಅಂಗಡಿಯಲ್ಲಿ. ಒಂದೇ ಕಟ್ಟಡದಲ್ಲಿದ್ದೂ ಇಷ್ಟು ವರ್ಷ ಈ ವಿಷಯವನ್ನು ಅವರ ಮುಂದೆ ಎತ್ತಲು ಅವನಿಗೆ ಆಗಿರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ “ನೀರು ಬಂತಾ ಟೀಚರ್?” ಎಂದಷ್ಟೇ ಕೇಳಿ ಇಳಿದುಹೋಗುತ್ತಿದ್ದ.

ಆದ್ದರಿಂದ ಸೋಮವಾರ ಅಂಗಡಿ ಮುಗಿಸಿ ಬಂದವನು ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ಪಕ್ಕ ಒಬ್ಬನೇ ನಿಂತು, ಅನೇಕ ಸಲ ತಡವರಿಸಿ, ಕಡೆಗೂ ಕ್ಯಾಮೆರಾಕ್ಕೆ ಹೇಳಿದ್ದ: “ಟೀಚರ್, ಕ್ಲಾಸಿನ ಗಡಿಯಾರಕ್ಕೆ ಸೆಕೆಂಡಿನ ಮುಳ್ಳೂ ಇದೆ ಅಂತ ನನಗೆ ಗೊತ್ತಾಗಿದ್ದು ನಿಮ್ಮಿಂದ.” ಅದನ್ನು ಡಿವಿಡಿಯ ಕೊನೆಯ ಕಿಟಕಿಯಲ್ಲಿಟ್ಟಿದ್ದ. ಹೆಂಡತಿಯ ಹೊರತು ಯಾರಿಗೂ ಗೊತ್ತಿರಲಿಲ್ಲ.

ಕಿಟಕಿಯೆಂದರೆ, ಡಿವಿಡಿ ತಟ್ಟೆಯನ್ನು ಪ್ಲೇಯರಿಗೆ ಹಾಕಿದೊಡನೆ ಮೊದಲು ಮುಖಪುಟ ಬರುತ್ತದಲ್ಲ, ಅದರಲ್ಲಿನ ಚಿಕ್ಕ ಚೌಕಗಳು. ಒಬ್ಬೊಬ್ಬರ ಮಾತಿಗೆ ಒಂದೊಂದು ಅಧ್ಯಾಯ, ಒಂದೊಂದು ಅಧ್ಯಾಯಕ್ಕೆ ಒಂದೊಂದು ಕಿಟಕಿ. ಬೇಕಾದವರ ಕಿಟಕಿಯನ್ನು ಆರಿಸಿ ರಿಮೋಟ್ ಒತ್ತಿದರೆ ಅವರ ಮಾತು ಶುರು. ಒತ್ತುವವರೆಗೂ ಕಿಟಕಿಯಲ್ಲಿ ಆ ಮನುಷ್ಯರು ನಾಲ್ಕಾರು ಕ್ಷಣ ಅಲುಗಾಡಿ, ಮತ್ತೆ ಮೊದಲಿನಿಂದ ಅಲುಗಾಡುತ್ತಾರೆ. ಸುಮ್ಮನೆ ಬಿಟ್ಟರೆ ಕಂಪ್ಯೂಟರು ಅಧ್ಯಾಯದ ಮೊಟ್ಟಮೊದಲ ಕ್ಷಣಗಳನ್ನೇ ಕಿಟಕಿಗೆ ಹಾಕುತ್ತಿತ್ತು. ಅದು ಚೆನ್ನಾಗಿರುವುದಿಲ್ಲವೆಂದು ಲೆನ್ಸಣ್ಣ ಒಬ್ಬೊಬ್ಬರಿಗೂ ಒಳ್ಳೆಯ ಗಳಿಗೆ ಹುಡುಕಿ ಕೈಯಾರೆ ಕೂರಿಸುತ್ತಿದ್ದ. ಸೆಕ್ರೆಟರಿಯವರದೊಂದು ಬಾಕಿಯಿತ್ತು. ಹುಡುಕುವಾಗ ಬೆರಳು ನೀರಿನ ಲೋಟದ ಹತ್ತಿರ ನಿಂತಿತ್ತು, ಅಷ್ಟೇ.

ಅಷ್ಟರಲ್ಲಿ ಹೆಂಡತಿಯ ನಗು ಮೆಟ್ಟಿಲಿಗೆ ಕೇಳಿತು. ಮೆಟ್ಟಿಲ ಮೇಲೆ ಸೆಕ್ರೆಟರಿಯವರೇ ಇದ್ದರು.

“ಇಪ್ಪತ್ತು ನಿಮಿಷ ಮಾತಾಡಿದೀನಿ ಕಣಯ್ಯ. ಅದರಲ್ಲಿ ನಿನಗೆ ಸಿಕ್ಕಿದ್ದು ನೀರು ಕುಡಿಯೋದಾ?”

“ಬದಲಾಯಿಸ್ತೀನಿ ಸರ್.”

“ಕೈ ಎತ್ತಿ ‘ಇಂಥವರು ಅಪರೂಪ’ ಅಂದೆನಲ್ಲ, ಅದನ್ನ ಹಾಕು. ನಾನು ಇಲ್ಲೇ ಕೂತಿರ್ತೀನಿ.” ಅವರು ಕುರ್ಚಿ ಎಳೆದುಕೊಂಡರು. ಕುರ್ಚಿಯಿಂದಲೇ ಗೋಡೆಯ ಕಿಟಕಿಯಾಚೆ ಬಗ್ಗಿ, ಕೆಳಗೆ ಗಾಡಿ ನಿಲ್ಲಿಸುತ್ತಿದ್ದ ಹಲ್ಲಿನ ಡಾಕ್ಟರಿಗೂ ಸುದ್ದಿ ಮುಟ್ಟಿಸಿದರು. ಡಾಕ್ಟರು ಬರುವಾಗ ಮೇಲ್ಮಹಡಿಯ ಅತ್ತೆಯನ್ನೂ ಕರೆತಂದರು. ಅವರು ಯಾರ ಅತ್ತೆಯೋ ಯಾರಿಗೂ ಗೊತ್ತಿಲ್ಲ, ಕಟ್ಟಡಕ್ಕೆಲ್ಲ ಅತ್ತೆ.

ಡಾಕ್ಟರು ತಮ್ಮ ಕಿಟಕಿಗಿಂತ ಮೊದಲು ಅತ್ತೆಯ ಕಿಟಕಿಯನ್ನೇ ನೋಡಿದರು. ಅತ್ತೆ ಅಂದು ಹಾಡಿದ್ದರು, ಬಾಯಿ ಅಗಲವಾಗಿತ್ತು. “ಅತ್ತೆ, ಕೆಳಗಿನ ದವಡೆ ಹಲ್ಲು ಹುಳುಕಾಗಿದೆ. ನಾಳೆನೇ ಬಂದ್ಬಿಡಿ.”

“ನನ್ನ ಹಾಡು ಕೇಳು ಅಂದ್ರೆ ಹಲ್ಲು ಎಣಿಸ್ತೀಯಲ್ಲೋ. ಅಲ್ಲ ಲೆನ್ಸಣ್ಣ, ಇದರಲ್ಲಿ ಸದ್ದೇ ಇಲ್ಲ. ನೋಡಿದವರು ಆಕಳಿಸ್ತಿದಾಳೆ ಅಂದ್ಕೋತಾರೆ ಕಣೋ.”

ಅದು ನಿಜವೇ ಆಗಿತ್ತು. ಹಾಗಾಗಿ ಮುಖಪುಟದ ಹಿನ್ನೆಲೆಗೆ ಅತ್ತೆಯ ಹಾಡನ್ನು ಹಾಕಬೇಕಾಯಿತು. ಡಾಕ್ಟರಿಗೆ ತಮ್ಮ ಕಿಟಕಿ ಮೂಲೆಯಲ್ಲಿದೆ ಎನ್ನಿಸಿತು. ಅವರನ್ನು ನಡುವಿಗೆ ತಂದರೆ ಸೆಕ್ರೆಟರಿಯವರು ಅಂಚಿಗೆ ಹೋದರು. ಸೆಕ್ರೆಟರಿಯವರನ್ನು ಮೇಲಕ್ಕೆ ಏರಿಸಿದರೆ ಅತ್ತೆ ಎರಡನೆಯ ಪುಟಕ್ಕೆ ಬಿದ್ದರು. ಎರಡನೆಯ ಪುಟ ಅಂದರೆ ಹಿಂದಿನ ಬೆಂಚೇ ಎಂದು ಅತ್ತೆ ಮುಖ ಊದಿಸಿಕೊಂಡರು. ಲೆನ್ಸಣ್ಣ ಬಸ್ಸಿನಲ್ಲಿ ಎಲ್ಲರಿಗೂ ಕಿಟಕಿ ಪಕ್ಕದ ಸೀಟು ಕೊಡಬೇಕಾದ ಕಂಡಕ್ಟರಿನಂತೆ ಬೆವರಿದ.

ಅವರ್ಯಾರೂ ಕೆಟ್ಟವರಲ್ಲ. ಮಧ್ಯಾಹ್ನ ಅವನ ಎರಡೂ ಕೈ ಕೀಲಿಮಣೆಯ ಮೇಲೇ ಇದ್ದುದನ್ನು ನೋಡಿ ಅತ್ತೆ ತಾವೇ ಕಲಸಿ ತುತ್ತು ಇಟ್ಟರು. ಕಂಪ್ಯೂಟರಿನ ಪ್ಲಗ್ಗು ಸಡಿಲವಾಗಿ, ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾದಾಗ ಯಾರೂ ಬೈಯಲಿಲ್ಲ. ಡಾಕ್ಟರು ತಮ್ಮ ರೋಗಿಗಳಿಗೆ ಫೋನ್ ಮಾಡಿ ಸಂಜೆ ಬರಲು ಹೇಳಿ, ನೆಲದ ಮೇಲೆ ಕೂತು ಆ ಪ್ಲಗ್ಗನ್ನು, ಅಲುಗಾಡುವ ಹಲ್ಲನ್ನು ಹಿಡಿದಂತೆ, ಒತ್ತಿ ಹಿಡಿದುಕೊಂಡರು. ಎಲ್ಲರಿಗೂ ಆಸೆ ಒಂದೇ: ಟೀಚರ್ ಆ ಊರಿನಲ್ಲಿ ಕೂತು ನೋಡುವಾಗ ತಾವು ಚೆನ್ನಾಗಿ ಕಾಣಬೇಕು. ಲೆನ್ಸಣ್ಣನಿಗೆ ಅದು ಅರ್ಥವಾಗಿದ್ದರಿಂದಲೇ ಒಬ್ಬರಿಗೂ ಇಲ್ಲವೆನ್ನಲಾಗಲಿಲ್ಲ.

ಮೂರು ಗಂಟೆಗೆ ಕಂಪ್ಯೂಟರು ಹೇಳಿತು: ತಟ್ಟೆಯಲ್ಲಿ ಜಾಗ ಸಾಲದು. ಪುಟಗಳು ಹೆಚ್ಚಿ, ಅತ್ತೆಯ ಹಾಡೂ ಸೇರಿ ಅದು ತುಂಬಿ ತುಳುಕುತ್ತಿತ್ತು. ಬೇಕಾಗಿದ್ದದ್ದು ಚೂರೇ ಚೂರು ಜಾಗ.

“ಸರ್, ನಿಮ್ಮ ಇಪ್ಪತ್ತು ನಿಮಿಷದಲ್ಲಿ ಒಂದು ಅರ್ಧ ನಿಮಿಷ...”

“ಯಾವುದನ್ನ ತೆಗೀತೀಯ? ಒಂದಕ್ಕೊಂದು ಕೊಂಡಿ ಇದೆ. ನಡುವೆ ಕಿತ್ತರೆ ಹಾರ ಬಿಚ್ಚಿಹೋಗುತ್ತೆ.”

ಅತ್ತೆಯ ಹಾಡಿನಲ್ಲೂ ಕತ್ತರಿ ಆಡಿಸುವಂತಿರಲಿಲ್ಲ. ಡಾಕ್ಟರ ಮಾತು ಮೊದಲೇ ಚಿಕ್ಕದು. ಲೆನ್ಸಣ್ಣ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಅವಳು ಬೇಡ ಎಂಬಂತೆ ತಲೆಯಾಡಿಸಿದಳು. ಅವನು ತಿರುಗಿ ಕೊನೆಯ ಕಿಟಕಿಯ ಮೇಲೆ ಬಾಣ ಇಟ್ಟು ಅಳಿಸಿದ. ಟ್ಯಾಂಕಿನ ಪಕ್ಕ ನಿಂತಿದ್ದವನು ಮಾತು ಶುರುಮಾಡುವ ಮೊದಲೇ ಮಾಯವಾದ.

“ನೋಡಿದ್ಯಾ, ಮನಸ್ಸು ಮಾಡಿದ್ರೆ ಜಾಗ ಆಗುತ್ತೆ,” ಎಂದರು ಸೆಕ್ರೆಟರಿ. ಹೆಂಡತಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಮೂರೂವರೆಗೆ ಸೆಕ್ರೆಟರಿಯವರ ಕಣ್ಣಿಗೆ ಕಿಟಕಿಗಳ ಸುತ್ತಲಿನ ಅಂಚು ಬಿತ್ತು. ಅದು ಗುಲಾಬಿ ಬಣ್ಣದ ಹೂಬಳ್ಳಿ.

“ಇದೇನಯ್ಯ, ನನ್ನ ತಲೆ ಸುತ್ತ ಹೂವು? ಫೋಟೋಕ್ಕೆ ಹಾರ ಹಾಕಿದ ಹಾಗಿದೆ. ನಾನಿನ್ನೂ ಇದೀನಿ. ಮರದ ಕಟ್ಟು ಹಾಕು.”

“ಟೈಮಿಲ್ಲ ಸರ್.”

“ಒಂದು ಸಲ ಒತ್ತೋದು ತಾನೆ?”

ಒಂದೇ ಸಲ ಒತ್ತುವುದಾಗಿತ್ತು. ಲೆನ್ಸಣ್ಣ ಒತ್ತಿದ. ಹೂಬಳ್ಳಿ ಹೋಗಿ ಮರದ ಕಟ್ಟು ಬಂತು. ಜೊತೆಗೆ ಪರದೆಯ ಮೇಲೆ ಸಣ್ಣ ಅಕ್ಷರದ ಒಂದು ಪ್ರಶ್ನೆಯೂ ಬಂತು. ಆ ಹೊತ್ತಿಗೆ ಬೆವರು ಕಣ್ಣಿಗಿಳಿದು ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಕನ್ನಡಕವಿಲ್ಲದೆ ಅವನಿಗೆ ಪ್ರಶ್ನೆಯೂ ಒಂದೇ, ಇರುವೆ ಸಾಲೂ ಒಂದೇ.

“ಏನೋ ಕೇಳ್ತಿದೆ. ಹೂಂ ಅನ್ನು, ಹೂಂ ಅನ್ನು,” ಎಂದು ಸೆಕ್ರೆಟರಿ ಬೆನ್ನ ಹಿಂದಿನಿಂದ ಅವಸರಪಡಿಸಿದರು.

ಲೆನ್ಸಣ್ಣ ಹೂಂ ಎಂದು ಒತ್ತಿ, ಕಿಟಕಿಗಳನ್ನು ಮತ್ತೆ ನೋಡದೆ ನೇರವಾಗಿ ತಟ್ಟೆ ಬರೆಯಲು ಬಿಟ್ಟ.

ಎರಡು ತಟ್ಟೆ ತಯಾರಾದವು, ಒಂದು ಟೀಚರ್‌ಗೆ, ಒಂದು ಕಟ್ಟಡಕ್ಕೆ. ಹಾಕಿ ನೋಡಲು ಪುರುಸೊತ್ತಾಗಲಿಲ್ಲ. ಎರಡನೆಯದು ಹೊರಬರುವಾಗ ಕೆಳಗೆ ಕಾರು ಹಾರ್ನ್ ಮಾಡಿತು. ಲೆನ್ಸಣ್ಣ ಬರಿಗಾಲಲ್ಲಿ ಇಳಿದೋಡಿದ. ಟೀಚರ್ ಕಾರಿನಲ್ಲಿ ಕೂತಾಗಿತ್ತು. ತಟ್ಟೆ ಇಸಿದುಕೊಂಡು ಅವನ ಕೈಯನ್ನು ಒಂದು ಗಳಿಗೆ ಬಿಡಲಿಲ್ಲ. ಈಗಲಾದರೂ ಹೇಳಿಬಿಡೋಣವೆಂದು ಅವನು ಬಾಯಿ ತೆರೆದ.

“ದಾರೀಲಿ ಕುಡಿಯೋಕೆ ನೀರು ಇಟ್ಕೊಂಡಿದೀರಾ ಟೀಚರ್?”

“ಇದೆ ಕಣಪ್ಪ,” ಎಂದರು ಟೀಚರ್. ಕಾರು ಹೊರಟಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಟ್ಟಡವೆಲ್ಲ ಸೆಕ್ರೆಟರಿಯವರ ನಡುಮನೆಯಲ್ಲಿ ಸೇರಿತು. ಡಾಕ್ಟರು ಅಂಗಿ ಬದಲಾಯಿಸಿ ಬಂದಿದ್ದರು. ಅತ್ತೆ ಮುಂದಿನ ಕುರ್ಚಿ ಹಿಡಿದಿದ್ದರು. ಸೆಕ್ರೆಟರಿಯವರು ಗಂಟಲು ಸರಿಮಾಡಿಕೊಂಡು ರಿಮೋಟ್ ಒತ್ತಿದರು.

ಅತ್ತೆಯ ಹಾಡು ಶುರುವಾಯಿತು. ಮರದ ಕಟ್ಟಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮೊದಲನೆಯದರಲ್ಲಿ ಒಂದು ದೊಡ್ಡ ಮೂಗು ಬಂತು. ಮೂಗಿನ ಮೇಲೆ ಕನ್ನಡಕ, ಕನ್ನಡಕದ ಹಿಂದೆ ಬದನೆಕಾಯಿ ಗಾತ್ರದ ಕಣ್ಣು. ಎರಡನೆಯದರಲ್ಲೂ ಅದೇ ಮೂಗು. ಮೂರನೆಯದರಲ್ಲೂ. ಎಲ್ಲ ಕಿಟಕಿಗಳಲ್ಲೂ ಲೆನ್ಸಣ್ಣನೇ ಬಗ್ಗಿ ಇಣುಕುತ್ತ, ಅತ್ತೆಯ ದನಿಯಲ್ಲಿ ಹಾಡುತ್ತಿರುವಂತೆ ತುಟಿಯಾಡಿಸುತ್ತಿದ್ದ.

ಆ ಸಣ್ಣ ಅಕ್ಷರದ ಪ್ರಶ್ನೆ ಏನೆಂದು ಲೆನ್ಸಣ್ಣನಿಗೆ ಈಗ ಹೊಳೆಯಿತು. ಕಟ್ಟು ಬದಲಾಯಿಸಿದರೆ ಕೈಯಾರೆ ಹುಡುಕಿ ಕೂರಿಸಿದ ಗಳಿಗೆಗಳೆಲ್ಲ ಹೋಗಿ, ಪ್ರತಿ ಕಿಟಕಿಗೂ ಅಧ್ಯಾಯದ ಮೊದಲ ಕ್ಷಣಗಳೇ ಬರುತ್ತವೆ, ಆಗಬಹುದೇ ಎಂದು ಅದು ಕೇಳಿತ್ತು. ಪ್ರತಿ ಅಧ್ಯಾಯದ ಮೊದಲಲ್ಲಿ ಅವನು ಕೆಂಪು ದೀಪ ನೋಡುತ್ತಿದ್ದ.

ಸೆಕ್ರೆಟರಿ ಎರಡನೆಯ ಪುಟಕ್ಕೆ ಹೋದರು. ಅಲ್ಲೂ ಲೆನ್ಸಣ್ಣ.

“ಮಧ್ಯಾಹ್ನವೆಲ್ಲ ಪ್ಲಗ್ ಹಿಡ್ಕೊಂಡಿದ್ದು ಇದಕ್ಕಾ?” ಎಂದರು ಡಾಕ್ಟರು ಮೆಲ್ಲಗೆ.

“ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಹಾಗಿರ್ತಾನೆ. ಒಳಗೆ ಎಷ್ಟು ಆಸೆ ಇಟ್ಕೊಂಡಿದ್ದ ನೋಡಿ,” ಎಂದರು ಅತ್ತೆ. “ನಾನೇ ತುತ್ತು ಇಟ್ಟೆ.”

ಆಗ ಫೋನ್ ರಿಂಗಾಯಿತು. ಸೆಕ್ರೆಟರಿಯವರು ಎತ್ತಿ, ಟೀಚರ್ ಎಂದು ಹೇಳಿ, ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದರು.

“ತಲುಪಿದೆ ಕಣಪ್ಪ. ಬಂದ ತಕ್ಷಣ ಡಿವಿಡಿ ಹಾಕಿಸ್ದೆ. ಲೆನ್ಸಣ್ಣ ಇದಾನಾ ಅಲ್ಲಿ?”

“ಇದೀನಿ ಟೀಚರ್.”

“ಮುಂದೆ ಹೋಗೋದು ಹೇಗೆ ಅಂತ ನನಗೆ ತಿಳೀಲಿಲ್ಲ ಕಣೋ. ಇದನ್ನೇ ನೋಡ್ತಾ ಕೂತಿದೀನಿ. ಭಾನುವಾರ ಎಲ್ಲರೂ ಮಾತಾಡಿದ್ರು, ನೀನೊಬ್ಬ ಎಲ್ಲಿ ಅಂತ ಹುಡುಕ್ತಾ ಇದ್ದೆ. ಇಲ್ಲಿ ನೋಡಿದ್ರೆ ಎಲ್ಲಾ ಕಿಟಕೀಲೂ ನೀನೇ. ಎರಡನೇ ಕ್ಲಾಸಲ್ಲಿ ಬೋರ್ಡ್ ನೋಡ್ತಿದ್ದ ಹಾಗೇ ಬಗ್ಗಿ ನೋಡ್ತೀಯ. ನಂಬರ್ ಜಾಸ್ತಿ ಆಗಿದೆ ಅನ್ಸುತ್ತೆ, ಪರೀಕ್ಷೆ ಮಾಡಿಸ್ಕೋ.”

“ಹೂಂ ಟೀಚರ್.”

“ಏನೋ ಹೇಳೋಕೆ ಬಾಯಿ ತೆಗೀತೀಯ. ಅಷ್ಟರಲ್ಲಿ ಮತ್ತೆ ಮೊದಲಿಂದ ಬರುತ್ತೆ. ಏನಪ್ಪ ಅದು, ಹೇಳು.”

ನಡುಮನೆಯವರೆಲ್ಲ ಅವನನ್ನೇ ನೋಡುತ್ತಿದ್ದರು. ಹೆಂಡತಿ ಹಿಂದಿನಿಂದ ಅವನ ಅಂಗಿಯ ತುದಿಯನ್ನು ಮೆತ್ತಗೆ ಎಳೆದಳು. ಗಡಿಯಾರದ ಮಾತು ಲೆನ್ಸಣ್ಣನ ತುಟಿಯವರೆಗೆ ಬಂತು.

“ಕೆಂಪು ದೀಪ ಹತ್ತಿದ್ಯಾ ಅಂತ ನೋಡ್ತಿದ್ದೆ, ಟೀಚರ್.”

“ಹತ್ತಿತ್ತಾ?”

“ಹತ್ತಿತ್ತು.”

“ಅಷ್ಟು ಸಾಕು ಬಿಡಪ್ಪ,” ಎಂದು ಟೀಚರ್ ಫೋನಿಟ್ಟರು.

ಸೆಕ್ರೆಟರಿಯವರು ಗಂಟಲು ಸರಿಮಾಡಿಕೊಂಡರು. “ನಾಳೆ ಬೆಳಿಗ್ಗೆ ಮತ್ತೆ ಮಾಡ್ಬೇಕು ಕಣಯ್ಯ, ಮೊದಲಿಂದ. ಈ ಸಲ ನಾವೆಲ್ಲ ಬೇಗನೇ ಬಂದು ಪಕ್ಕದಲ್ಲಿ ಕೂತ್ಕೋತೀವಿ.” ಡಾಕ್ಟರು, ಪ್ಲಗ್ಗಿಗೆ ಸುತ್ತಲು ಟೇಪ್ ತರುತ್ತೇನೆಂದರು. ಅತ್ತೆ ಹೊಸ ಹಾಡು ಕಲಿತಿದ್ದೇನೆಂದರು.

ಲೆನ್ಸಣ್ಣ ಆಗಲಿ ಎಂದು ತಲೆಯಾಡಿಸಿದ. ಅವನ ಹಿಂದೆ, ಟೀವಿಯ ಅಷ್ಟೂ ಕಿಟಕಿಗಳಲ್ಲಿ, ಲೆನ್ಸಣ್ಣಂದಿರೆಲ್ಲ ಒಟ್ಟಿಗೆ ಏನೋ ಹೇಳಲು ಬಾಯಿ ತೆರೆದು, ಮತ್ತೆ ಮೊದಲಿನಿಂದ ಬಗ್ಗತೊಡಗಿದರು.